ಒಂದು ಸೆಕೆಂಡಿನ ಜೂಜು: ಜಪಾನಿನ ಬೋಟ್ ರೇಸ್ ಸುತ್ತಾಟ

ಗುರುವಾರ, ಹೆಯ್ವಾಜಿಮಾ

ಟೋಕಿಯೊದ ಓಮೊರಿ ಸ್ಟೇಷನ್ ಹೊರಗೆ ಹೆಯ್ವಾಜಿಮಾ ಬೋಟ್ ರೇಸ್‌ಗೆ ಫ್ರೀ ಬಸ್ ಸಿಗುತ್ತದೆ. ಬಸ್ಸಿನಲ್ಲಿ ನನ್ನನ್ನು ಬಿಟ್ಟರೆ ಹೆಚ್ಚುಕಮ್ಮಿ ಎಲ್ಲರೂ ಅರವತ್ತು ದಾಟಿದ ಗಂಡಸರು. ಮಾತಿಲ್ಲ, ಕತೆಯಿಲ್ಲ. ಎಲ್ಲರ ಕೈಯಲ್ಲೂ ಮಡಚಿದ ಪತ್ರಿಕೆ, ಅದರ ತುಂಬಾ ಕೆಂಪು ಪೆನ್ನಿನ ಗುರುತು. ಪಿಯುಸಿ ಪರೀಕ್ಷೆಗೆ ಹೊರಟ ಹುಡುಗರು ಕೊನೇ ಗಳಿಗೆಯಲ್ಲಿ ಗೈಡ್ ತಿರುವಿ ಹಾಕುವ ಹಾಗೆ ಓದುತ್ತಿದ್ದರು.

ಗೇಟಿನಲ್ಲಿ 100 ಯೆನ್ ಹಾಕಿದರೆ ಒಳಗೆ ದಾರಿ. ನಮ್ಮ ಲೆಕ್ಕದಲ್ಲಿ 50–60 ರೂಪಾಯಿ. ಟೋಕಿಯೊದಲ್ಲಿ ಈ ದುಡ್ಡಿಗೆ ಹೋಟೆಲ್ ಕಾಫಿ ಕೂಡ ಬರಲ್ಲ. ಒಳಗೆ ದೊಡ್ಡ ಕಾಂಕ್ರೀಟ್ ಸ್ಟ್ಯಾಂಡ್, ಎದುರಿಗೆ ಸಮುದ್ರದ ನೀರು. ನೀರಿನ ಮೇಲೆ 300 ಮೀಟರ್ ಅಂತರದಲ್ಲಿ ಎರಡು ಗುರುತು ತೇಲುತ್ತಿವೆ. ಆರು ದೋಣಿಗಳು ಇವೆರಡನ್ನು ಎಡಕ್ಕೆ ತಿರುಗುತ್ತಾ ಮೂರು ಸುತ್ತು ಹೊಡೆಯಬೇಕು. ಒಟ್ಟು 1800 ಮೀಟರ್. ಎರಡು ನಿಮಿಷದೊಳಗೆ ಎಲ್ಲಾ ಮುಗಿಯುತ್ತದೆ. ದಿನಕ್ಕೆ 12 ರೇಸ್.

ಜಪಾನಿನಲ್ಲಿ ಜೂಜಾಡುವುದು ಅಪರಾಧ. ಆದರೆ ನಾಲ್ಕು ಓಟಗಳಿಗೆ ಬೇರೆ ಬೇರೆ ಕಾನೂನು ಮಾಡಿ ಬಾಗಿಲು ತೆರೆದಿಟ್ಟಿದ್ದಾರೆ. ಕುದುರೆ, ಸೈಕಲ್, ಮೋಟಾರ್ ಸೈಕಲ್, ಮೋಟಾರ್ ಬೋಟ್. ಬೋಟ್ ರೇಸನ್ನು ನಡೆಸುವುದು ಖಾಸಗಿ ಕ್ಲಬ್ಬುಗಳಲ್ಲ, ಊರಿನ ಆಡಳಿತಗಳೇ. ನಮ್ಮಲ್ಲಿ ನಗರಸಭೆಯೇ ಜೂಜಿನ ಕೌಂಟರ್ ತೆರೆದರೆ ಏನಾಗಬಹುದು ಅಂತ ಯೋಚಿಸಿ ನಗು ಬಂತು. ದೇಶದಲ್ಲಿ ಇಂಥ 24 ಜಾಗಗಳಿವೆ. ಮೊದಲು ಈ ಆಟವನ್ನು ಕ್ಯೋಟೆ ಅನ್ನುತ್ತಿದ್ದರು. 2010ರಿಂದ ಬೋಟ್ ರೇಸ್ ಅಂತಲೇ ಬೋರ್ಡ್ ಹಾಕಿದ್ದಾರೆ. ಹಳಬರ ಬಾಯಲ್ಲಿ ಈಗಲೂ ಕ್ಯೋಟೆನೇ.

ಬಣ್ಣ ತಿಳಿದುಕೊಂಡರೆ ಅರ್ಧ ಕೆಲಸ ಆಯಿತು. 1 ಬಿಳಿ, 2 ಕಪ್ಪು, 3 ಕೆಂಪು, 4 ನೀಲಿ, 5 ಹಳದಿ, 6 ಹಸಿರು. ರೇಸರ್ ಹಾಕಿದ ಮೇಲಂಗಿ, ದೋಣಿಯ ಬಾವುಟ, ಬೋರ್ಡಿನ ಮೇಲಿನ ನಂಬರು, ಎಲ್ಲಾ ಕಡೆ ಇದೇ ಬಣ್ಣ. ಜಪಾನಿ ಬರದ ನನ್ನಂಥವರಿಗೆ ಇದೇ ಭಾಷೆ.

ಮೊದಲ ಎರಡು ರೇಸ್ ದುಡ್ಡು ಹಾಕದೆ ಸುಮ್ನೆ ನೋಡಿದೆ. ಆಗಲೇ ಗೊತ್ತಾಗಿದ್ದು, ಇಲ್ಲಿ ನೋಡಬೇಕಾದ್ದು ಓಟವನ್ನಲ್ಲ, ಸ್ಟಾರ್ಟನ್ನು.

ಸ್ಟಾರ್ಟ್ ಅಂದರೆ ಸಾಲಾಗಿ ನಿಂತು ಗುಂಡಿನ ಸದ್ದಿಗೆ ಓಡುವುದಲ್ಲ. ಈ ದೋಣಿಗೆ ಬ್ರೇಕ್ ಇಲ್ಲ, ರಿವರ್ಸೂ ಇಲ್ಲ. ಎಂಜಿನ್ ಓಡುತ್ತಿದ್ದರೆ ದೋಣಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಒಂದು ಕಡೆ ನಿಲ್ಲುವ ಮಾತೇ ಇಲ್ಲ. ಆರೂ ದೋಣಿ ಪಿಟ್‌ನಿಂದ, ಅಂದರೆ ದೋಣಿ ಕಟ್ಟಿಹಾಕುವ ಜಾಗದಿಂದ, ಒಟ್ಟಿಗೆ ಹೊರಬಂದು, ನಿಧಾನಕ್ಕೆ ಸುತ್ತಿಕೊಂಡು, ತಮಗೆ ಬೇಕಾದ ಸಾಲು ಹಿಡಿಯುತ್ತವೆ. ಒಂದನೇ ನಂಬರಿಗೆ ತೀರಾ ಒಳಗಿನ ಒಂದನೇ ಸಾಲು ಅನ್ನುವುದು ರೂಢಿ ಅಷ್ಟೇ, ಹಕ್ಕಲ್ಲ. ಆರನೇ ನಂಬರಿನವನು ಮುನ್ನುಗ್ಗಿ ಒಳಗಿನ ಸಾಲು ಕಸಿದುಕೊಳ್ಳಬಹುದು. ಕೆಲವು ಹಳೇ ಹುಲಿಗಳಿಗೆ ಅದೇ ಕಸುಬು.

ಒಳಗಿನ ಸಾಲಿಗೆ ತಿರುವು ಹತ್ತಿರ. ಆದರೆ ಅದಕ್ಕೆ ಬೇಗ ನುಗ್ಗಿದರೆ ಸ್ಟಾರ್ಟ್ ಗೆರೆಯ ಹತ್ತಿರಕ್ಕೆ ಬಂದುಬಿಡುತ್ತಾರೆ, ವೇಗ ಹಿಡಿಯಲು ಜಾಗ ಉಳಿಯಲ್ಲ. ಹೊರಗಿನವರು ಬೇಕಂತಲೇ ದೂರ ಹಿಂದಕ್ಕೆ ಹೋಗಿ, ಅಲ್ಲಿಂದ ಪೂರ್ತಿ ಜೋರಿನಲ್ಲಿ ಓಡಿ ಬರುತ್ತಾರೆ. ಒಬ್ಬನಿಗೆ ದಾರಿ ಕಮ್ಮಿ, ಇನ್ನೊಬ್ಬನಿಗೆ ವೇಗ ಜಾಸ್ತಿ. ಇಡೀ ಆಟದ ಜೀವ ಈ ಕೊಡು-ಕೊಳ್ಳುವಿಕೆಯಲ್ಲಿದೆ.

ದಡದಲ್ಲಿ ಒಂದು ದೊಡ್ಡ ಗಡಿಯಾರ. ಕೊನೆಯ 12 ಸೆಕೆಂಡಿಗೆ ಹಳದಿ ಮುಳ್ಳು ತಿರುಗಲು ಶುರು ಮಾಡುತ್ತದೆ. ಅದು ಸೊನ್ನೆಗೆ ಬಂದ ಗಳಿಗೆಯಿಂದ ಒಂದು ಸೆಕೆಂಡಿನೊಳಗೆ ದೋಣಿಯ ಮೂತಿ ಗೆರೆ ದಾಟಿರಬೇಕು. ಸೊನ್ನೆಗಿಂತ ಮೊದಲು ದಾಟಿದರೆ ಫ್ಲೈಯಿಂಗ್, ಹಾಳೆಯಲ್ಲಿ ಎಫ್ ಅಂತ ಬರೆಯುತ್ತಾರೆ. ಒಂದು ಸೆಕೆಂಡ್ ತಡವಾದರೆ ಎಲ್. ಎರಡರಲ್ಲೂ ಆ ದೋಣಿ ಲೆಕ್ಕಕ್ಕಿಲ್ಲ. ಅದರ ಮೇಲೆ ಕಟ್ಟಿದ ದುಡ್ಡೆಲ್ಲಾ ಜನರಿಗೆ ವಾಪಸ್.

ಒಂದು ಸೆಕೆಂಡ್ ತುಂಬಾ ಆಯಿತಲ್ಲ ಅನ್ನಿಸಬಹುದು. ಆದರೆ ಒಳ್ಳೆಯ ರೇಸರ್‌ಗಳು ಸರಾಸರಿ 0.15 ಸೆಕೆಂಡಿನ ಆಸುಪಾಸಿನಲ್ಲಿ ದಾಟುತ್ತಾರೆ. ದೋಣಿ ಗಂಟೆಗೆ 80 ಕಿಲೋಮೀಟರ್ ಮುಟ್ಟುತ್ತದೆ, ಅಂದರೆ ಸೆಕೆಂಡಿಗೆ 22 ಮೀಟರ್. ದೋಣಿಯ ಉದ್ದ 3 ಮೀಟರಿಗೆ ಒಂಚೂರು ಕಮ್ಮಿ. ಹತ್ತನೇ ಒಂದು ಸೆಕೆಂಡ್ ಹಿಂದೆ ಬಿದ್ದರೆ ಮುಕ್ಕಾಲು ದೋಣಿಯಷ್ಟು ಹಿಂದೆ ಬಿದ್ದ ಹಾಗೆ. ಕಣ್ಣು ಗಡಿಯಾರದ ಮೇಲೆ, ಎಡಗೈ ಥ್ರಾಟಲ್ ಮೇಲೆ, ಬಲಗೈ ಸ್ಟೀರಿಂಗ್ ಮೇಲೆ, ಮಂಡಿಯೂರಿ ಕೂತು ನೂರಾರು ಮೀಟರ್ ದೂರದಿಂದ ಈ ಲೆಕ್ಕ ಹಾಕಬೇಕು. ಗಾಳಿ ಹಿಂದಿನಿಂದ ಬೀಸಿದರೆ ಲೆಕ್ಕ ಬೇರೆ, ಮುಂದಿನಿಂದ ಬೀಸಿದರೆ ಬೇರೆ.

ಮೂರನೇ ರೇಸಿಗೆ ನಾನು ಗೆರೆಯ ನೇರಕ್ಕೆ ಹೋಗಿ ಬೇಲಿ ಹಿಡಿದು ನಿಂತೆ. ಹೊರಗಿನ ಮೂರು ದೋಣಿ ದೂರದಲ್ಲಿ ಮೂತಿ ತಿರುಗಿಸಿದವು. ಒಳಗಿನವು ಗುರುಗುಟ್ಟುತ್ತಾ ತೆವಳುತ್ತಿದ್ದವು. ಹಳದಿ ಮುಳ್ಳು ಹೊರಟಿತು. ಒಮ್ಮೆಲೇ ಆರೂ ಎಂಜಿನ್ ಕಿರುಚಿದವು. ಗೆರೆ ಹತ್ತಿರ ಬರುತ್ತಿದ್ದಂತೆ ನೀಲಿ ಅಂಗಿಯವನ ಎಡಗೈ ಒಂದು ಕ್ಷಣ ಸಡಿಲವಾಗಿದ್ದು ಕಾಣಿಸಿತು. ಹೆದರಿಕೆ. ಅಷ್ಟೇ ಸಾಕಾಯಿತು, ಪಕ್ಕದ ಕೆಂಪು ಅವನನ್ನು ದಾಟಿ ಹೋಯಿತು. ತಿರುವಿನಲ್ಲಿ ಎಲ್ಲರೂ ದೋಣಿಯ ಮೇಲೆ ಎದ್ದು ನಿಂತು ಒಳಕ್ಕೆ ವಾಲಿದರು. ಇದನ್ನು ಮಂಕಿ ಟರ್ನ್ ಅನ್ನುತ್ತಾರೆ. ನೀರು ಗೋಡೆಯಾಗಿ ಎದ್ದಿತು. ಅದು ಕೆಳಗಿಳಿಯುವ ಹೊತ್ತಿಗೆ ಮೊದಲಿಬ್ಬರು ಯಾರು ಅನ್ನುವುದು ಖಚಿತವಾಗಿತ್ತು. ಇನ್ನೂ ಎರಡೂವರೆ ಸುತ್ತು ಬಾಕಿ ಇರುವಾಗಲೇ ನನ್ನ ಪಕ್ಕದ ಅಜ್ಜ ಟಿಕೆಟ್ ಹರಿದು ಮುಂದಿನ ರೇಸಿನ ಹಾಳೆ ತೆಗೆದಿದ್ದ.

ಶುಕ್ರವಾರ, ಎದೊಗಾವಾ

ನನ್ನ ಚಿಕ್ಕಪ್ಪನ ಮಗ ನಿಶಿಕಾಸಾಯ್‌ನಲ್ಲಿದ್ದಾನೆ. ಭಾರತದ ಐಟಿ ಮಂದಿ ತುಂಬಿಕೊಂಡಿರುವ ಬಡಾವಣೆ ಅದು. ಅಂಗಡಿಯಲ್ಲಿ ತೊಗರಿಬೇಳೆ, ಸಾಸಿವೆ ಎಲ್ಲಾ ಸಿಗುತ್ತದೆ. ಅದೇ ಎದೊಗಾವಾ ವಾರ್ಡಿನಲ್ಲೇ ಬೋಟ್ ರೇಸ್ ಇದೆ. ವರ್ಷಗಟ್ಟಲೆ ಅಲ್ಲೇ ಇದ್ದರೂ ಇವನು ಒಳಗೆ ಕಾಲಿಟ್ಟಿರಲಿಲ್ಲ.

"ಅಣ್ಣ, ಜನ ಬುದ್ಧನ ದೇವಸ್ಥಾನ ನೋಡಕ್ಕೆ ಬರ್ತಾರೆ. ನೀನು ನೋಡಿದ್ರೆ ಜೂಜಿನ ಅಡ್ಡೆ ಹುಡುಕ್ತಾ ಇದ್ದೀಯ."

"ಅಡ್ಡೆ ಅಲ್ಲ ಮಾರಾಯ, ಸರ್ಕಾರದ್ದು. ಬಾ, ಚಿತ್ರಾನ್ನ ಕಟ್ಟಿಕೋ."

ಚಿತ್ರಾನ್ನ ತಮಾಷೆಗೆ ಹೇಳಿದ್ದಲ್ಲ. ಹಿಂದಿನ ದಿನ ಹೆಯ್ವಾಜಿಮಾದಲ್ಲಿ ಎಲ್ಲರೂ ಚಪ್ಪರಿಸುತ್ತಿದ್ದುದು ಕರುಳಿನ ಗೊಜ್ಜು. ಊದೊನ್ ಅನ್ನುವ ಶಾವಿಗೆಯ ಸಾರಿನಲ್ಲೂ ಮೀನು. ಸಸ್ಯಾಹಾರಿಗೆ ಅಲ್ಲಿ ಉಳಿಯುವುದು ಉಪ್ಪಿನ ಆಲೂಗಡ್ಡೆ ಮಾತ್ರ.

24 ಜಾಗಗಳಲ್ಲಿ ಹರಿಯುವ ನದಿಯ ಮೇಲೆ ರೇಸ್ ನಡೆಯುವುದು ಎದೊಗಾವಾದಲ್ಲಿ ಮಾತ್ರ. ಹೆಸರು ಎದೊಗಾವಾ ಆದರೂ ನದಿ ನಕಾಗಾವಾ. ದಂಡೆಯ ಏರಿಯ ಮೇಲೇ ಸ್ಟ್ಯಾಂಡ್. ಕೆಳಗೆ ಟೋಕಿಯೊ ಕೊಲ್ಲಿಯ ಉಬ್ಬರ ಇಳಿತ ಇಲ್ಲಿಯವರೆಗೂ ಬರುತ್ತದೆ. ಹರಿವಿನ ದಿಕ್ಕು, ಗಾಳಿಯ ದಿಕ್ಕು ಎದುರುಬದುರಾದರೆ ಅಲೆ ಏಳುತ್ತದೆ. ಜಾಸ್ತಿಯಾದರೆ ದೋಣಿಗಳಿಗೆ ಅಲುಗಾಟ ತಡೆಯುವ ಹಲಗೆ ಜೋಡಿಸುತ್ತಾರೆ, ಮೂರು ಸುತ್ತನ್ನು ಎರಡಕ್ಕೆ ಇಳಿಸುತ್ತಾರೆ. ಇನ್ನೂ ಜಾಸ್ತಿಯಾದರೆ ಆಟವೇ ರದ್ದು. ನಾವು ಹೋದ ದಿನ ಹಲಗೆ ಹಾಕಿದ್ದರು. ಅಷ್ಟರಲ್ಲಿ ಒಂದು ಸರಕಿನ ದೋಣಿ ನದಿಯಲ್ಲಿ ನಿಧಾನವಾಗಿ ಬಂತು. ಅದು ದಾಟುವ ತನಕ ಎಲ್ಲರೂ ಕಾಯಬೇಕು. ಯಾರೂ ಗೊಣಗಲಿಲ್ಲ. ತಮ್ಮನಿಗೆ ಆ ದಿನ ತುಂಬಾ ಹಿಡಿಸಿದ್ದು ಅದೇ.

ಇವನು ಲೆಕ್ಕದ ಮನುಷ್ಯ. ಹತ್ತು ನಿಮಿಷಕ್ಕೆ ಫಾರ್ಮ್ ಹಾಳೆ, ಅಂದರೆ ರೇಸರ್‌ಗಳ ಹಿಂದಿನ ಓಟಗಳ ಲೆಕ್ಕದ ಹಾಳೆ, ಬಿಡಿಸಿಕೊಂಡು ಕೂತ.

"ಅಣ್ಣ, ಒಂದನೇ ಸಾಲಿನವನು ಅರ್ಧಕ್ಕಿಂತ ಜಾಸ್ತಿ ಸಲ ಗೆಲ್ತಾನೆ ಅಂದ್ರೆ ಎಲ್ಲರೂ ಅವನ ಮೇಲೇ ಹಾಕಬಹುದಲ್ವಾ?"

ಹಾಕುತ್ತಾರೆ, ಅದಕ್ಕೇ ಅದರಲ್ಲಿ ದುಡ್ಡಿಲ್ಲ. ದೇಶದಾದ್ಯಂತ ಲೆಕ್ಕ ತೆಗೆದರೆ ನೂರಕ್ಕೆ 55ರ ಆಸುಪಾಸು ಒಂದನೇ ಸಾಲು ಗೆಲ್ಲುತ್ತದೆ. ಅವನು ಗೆರೆ ದಾಟಿ ಯಾರಿಗೂ ಬಿಡದೆ ತಿರುವು ತೆಗೆದುಕೊಂಡು ಹೋದರೆ ಅದು ನಿಗೆ. ಅವನು ತಿರುವಿನಲ್ಲಿ ಒಂಚೂರು ಅಗಲಕ್ಕೆ ಹೋದಾಗ ಎರಡನೆಯವನು ಒಳಗಿನ ಸಂದಿಯಲ್ಲಿ ತೂರಿದರೆ ಸಾಶಿ. ಹೊರಗಿನವನು ವೇಗದ ಬಲದಿಂದ ಎಲ್ಲರ ಮೇಲೆ ಹಾದು ಮುಚ್ಚಿಕೊಂಡು ಹೋದರೆ ಮಾಕುರಿ. ಮೇಲಿಂದ ಬಂದು, ನಡುವೆ ಸಂದಿ ಕಂಡು, ಅಲ್ಲೇ ಒಳಕ್ಕೆ ಇಳಿದರೆ ಮಾಕುರಿ-ಜಾಶಿ. ಇದು ಸರಿಯಾಗಿ ಬಿದ್ದಾಗ ಸ್ಟ್ಯಾಂಡಿನಲ್ಲಿ ಸೋತವರೂ ಓಹೋ ಅನ್ನುತ್ತಾರೆ.

ಒಂದನೇ ಸಾಲಿನವನು ಸೋತಾಗ ಮಾತ್ರ ದೊಡ್ಡ ದುಡ್ಡು ಬರುವುದು. ಹಾಗಾಗಿ ಇಲ್ಲಿ ಆಡುವವರ ತಲೆಯಲ್ಲಿ ಒಂದೇ ಪ್ರಶ್ನೆ: ಇವತ್ತು ಇವನು ಬೀಳ್ತಾನಾ? ಎದೊಗಾವಾದಂಥ ಒರಟು ನೀರಿನಲ್ಲಿ, ಅಥವಾ ಸೈತಾಮಾದ ತೋದಾದಂಥ ಇಕ್ಕಟ್ಟಿನಲ್ಲಿ ಬೀಳುವುದು ಹೆಚ್ಚು. ತೋದಾದ ನೀರಿನ ಪಕ್ಕದಲ್ಲೇ 1964ರ ಒಲಿಂಪಿಕ್ಸ್ ರೋಯಿಂಗ್ ನಡೆದಿದ್ದು.

ಬಾಜಿ ಕಟ್ಟುವುದು ಸುಲಭ. 20 ತುಂಬಿದ ಯಾರು ಬೇಕಾದರೂ ಕಟ್ಟಬಹುದು. ನಮ್ಮ ಹಳೇ ಪ್ರವೇಶ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿದ್ದಂಥ ಚೌಕಗಳ ಕಾರ್ಡು. ಯಾವ ಊರು, ಎಷ್ಟನೇ ರೇಸ್, ಯಾವ ಥರದ ಬಾಜಿ, ಯಾವ ದೋಣಿ, ಎಷ್ಟು ದುಡ್ಡು, ಚೌಕ ತುಂಬಿಸಿ ಮೆಷಿನ್‌ಗೆ ಹಾಕಿದರೆ ಟಿಕೆಟ್ ಬರುತ್ತದೆ. 100 ಯೆನ್‌ನಿಂದ ಶುರು. ಎಲ್ಲರೂ ಆಡುವುದು ಮೊದಲ ಮೂರು ಸ್ಥಾನವನ್ನು ಅದೇ ಕ್ರಮದಲ್ಲಿ ಹೇಳುವ ಬಾಜಿ. ಆರೇ ದೋಣಿ ಇದ್ದರೂ 120 ಜೋಡಣೆ ಆಗುತ್ತವೆ. ಕ್ರಮ ಬೇಡ, ಮೂವರು ಯಾರು ಅಂತ ಹೇಳಿದರೆ ಸಾಕು ಅನ್ನುವ ಬಾಜಿಯಲ್ಲಿ 20 ಮಾತ್ರ. ತಮ್ಮ ಅದನ್ನೇ ಹಿಡಿದ.

ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಎಲ್ಲರ ದುಡ್ಡು ಕೂಡಿಸಿ ಹಂಚುವ ಟೋಟ್ ಒಂದು ಕಡೆ, ಬೋರ್ಡ್ ಹಾಕಿಕೊಂಡು ಕೂತ ಬುಕ್ಕಿಗಳು ಇನ್ನೊಂದು ಕಡೆ. ಇಲ್ಲಿ ಬುಕ್ಕಿ ಅನ್ನುವ ಪ್ರಾಣಿಯೇ ಇಲ್ಲ. ಎಲ್ಲರ ದುಡ್ಡೂ ಒಂದು ಗುಡ್ಡೆ. ಅದರಲ್ಲಿ ನೂರಕ್ಕೆ 75 ಗೆದ್ದವರಿಗೆ ಹಂಚಿಕೆ, ಉಳಿದ 25 ನಡೆಸುವವರಿಗೆ. ಗೆದ್ದರೆ ಎಷ್ಟು ಪಟ್ಟು ಸಿಗುತ್ತದೆ ಅನ್ನುವ ಆಡ್ಸ್ ಕೊನೆಯವರೆಗೂ ಪರದೆಯ ಮೇಲೆ ಬದಲಾಗುತ್ತಿರುತ್ತದೆ. ಒಳಗೆ ಕಾಲಿಡುವಾಗಲೇ ಕಾಲು ಪಾಲು ಹೋಯಿತು ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಬರುತ್ತಾರೆ. ನನಗೆ ಇದು ಬುಕ್ಕಿಗಿಂತ ಪ್ರಾಮಾಣಿಕ ಅನ್ನಿಸಿತು. ತಮ್ಮನಿಗೆ ಹಾಗೆ ಅನ್ನಿಸಲಿಲ್ಲ. "ಪ್ರಾಮಾಣಿಕವಾಗಿ ಜೇಬು ಕತ್ತರಿಸ್ತಾರೆ ಅಷ್ಟೇ" ಅಂದ. ಅವನ ಮಾತನ್ನೂ ತೆಗೆದುಹಾಕುವಂತಿಲ್ಲ.

ಶನಿವಾರ, ಒಸಾಕಾದ ಸುಮಿನೊಯೆ

ಶಿಂಕನ್‌ಸೆನ್ ಬುಲೆಟ್ ರೈಲಿನಲ್ಲಿ ಒಸಾಕಾ. ಸಂಜೆಗೆ ಮೆಟ್ರೊ ಹಿಡಿದು ಸುಮಿನೊಯೆಕೊಎನ್ ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೇ ರೇಸ್. ಡಿಸೆಂಬರಿನಲ್ಲಿ ನಡೆಯುವ ಗ್ರಾಂಡ್ ಪ್ರಿ ಅನ್ನುವ ದೊಡ್ಡ ಬೋಟ್ ರೇಸ್ ಜಾಸ್ತಿ ಸಲ ನಡೆದಿರುವುದು ಇಲ್ಲೇ. ಮೊದಲನೆಯದು ನಡೆದದ್ದೂ ಇಲ್ಲೇ, 1986ರಲ್ಲಿ. ಆ ಒಂದು ಫೈನಲ್ ಗೆದ್ದವನಿಗೆ ಬಹುಮಾನ 10 ಕೋಟಿ ಯೆನ್ ಮಟ್ಟದ್ದು. ನಾನು ಹೋದ ದಿನ ಸಾದಾ ಸರಣಿ. ಆದರೂ ರಾತ್ರಿ ದೀಪದಲ್ಲಿ ನೀರು ನೋಡುವುದೇ ಬೇರೆ. ಇಲ್ಲಿನದು ಸಿಹಿನೀರು, ಕಾಂಕ್ರೀಟ್ ಗೋಡೆಗಳ ನಡುವಿನ ಕೊಳ. ಒಮ್ಮೆ ಎದ್ದ ಅಲೆ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಎರಡನೇ ಸುತ್ತಿನಲ್ಲಿ ಅದರ ಮೇಲೆ ಹಾರಿ ಎಷ್ಟೋ ದೋಣಿ ದಾರಿ ತಪ್ಪುತ್ತವೆ.

ಹೆಂಗಸರು, ಜೋಡಿಗಳು, ಕಾಲೇಜು ಮುಗಿಸಿದ ಹುಡುಗರು, ಇಲ್ಲಿ ಜನ ಬೇರೆ ಥರ. ನನ್ನ ಪಕ್ಕ ಕೂತಿದ್ದ ಒಬ್ಬ ನಡುವಯಸ್ಸಿನವರಿಗೆ ಒಂಚೂರು ಇಂಗ್ಲಿಷ್ ಬರುತ್ತಿತ್ತು. ಫಾರ್ಮ್ ಹಾಳೆಯಲ್ಲಿ ಒಂದು ಕಾಲಂ ಮೇಲೆ ಬೆರಳಿಟ್ಟು "ಎಂಜಿನ್, ಎಂಜಿನ್" ಅಂದರು.

ಅಲ್ಲಿಂದ ತಿಳಿದದ್ದು ಈ ಆಟದ ಅರ್ಧ ಗುಟ್ಟು. ಎಂಜಿನ್ ರೇಸರ್‌ನದಲ್ಲ, ದೋಣಿಯೂ ಅವನದಲ್ಲ. ಎರಡೂ ಆಯಾ ಊರಿನ ಸ್ವತ್ತು. ಪ್ಲೈವುಡ್ಡಿನ ಹಗುರ ದೋಣಿ. ಯಮಾತೊ ಅನ್ನುವ ಕಂಪನಿಯ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್, 30 ಅಶ್ವಶಕ್ತಿಯ ಆಸುಪಾಸು. ಎಲ್ಲರಿಗೂ ಅದೇ. ಸರಣಿ ಶುರುವಾಗುವ ಹಿಂದಿನ ದಿನ ರೇಸರ್‌ಗಳು ಬಂದು ಚೀಟಿ ಎತ್ತುತ್ತಾರೆ. ಬಂದ ನಂಬರಿನ ಎಂಜಿನ್ ಸರಣಿ ಮುಗಿಯುವ ತನಕ ಅವನದು. ಒಂದೇ ಕಂಪನಿ, ಒಂದೇ ಮಾದರಿ ಆದರೂ ಎಂಜಿನ್ನುಗಳಲ್ಲಿ ಜಾಣ-ದಡ್ಡ ಇರುತ್ತವೆ. ಯಾವ ಎಂಜಿನ್ ನೂರಕ್ಕೆ ಎಷ್ಟು ಸಲ ಮೊದಲ ಎರಡರಲ್ಲಿ ಬಂದಿದೆ ಅಂತ ಹಾಳೆಯಲ್ಲಿ ಅಚ್ಚಾಗಿರುತ್ತದೆ. 40 ದಾಟಿದರೆ ಆ ಎಂಜಿನ್ ಸಿಕ್ಕವನ ಅದೃಷ್ಟ ಖುಲಾಯಿಸಿತು ಅಂತಲೇ. ನನ್ನ ಪಕ್ಕದವರ ಬೆರಳು ಇದ್ದದ್ದು ಆ ಕಾಲಂ ಮೇಲೆ.

ಸಿಕ್ಕ ಎಂಜಿನ್ನನ್ನು ಪಳಗಿಸುವುದು ರೇಸರ್‌ನದೇ ಕೆಲಸ. ಮೆಕ್ಯಾನಿಕ್ ಬಂದು ಮಾಡಿಕೊಡುವುದಿಲ್ಲ. ಪ್ರೊಪೆಲ್ಲರ್ ಬಿಚ್ಚಿ, ಮರದ ಸುತ್ತಿಗೆಯಲ್ಲಿ ಬಡಿದು ಬಡಿದು ಅದರ ಎಲೆಗಳ ಬಾಗು ಬದಲಿಸುತ್ತಾರೆ. ಮೊದಲು ಪ್ರತಿಯೊಬ್ಬರೂ ತಮ್ಮದೇ ಪ್ರೊಪೆಲ್ಲರ್ ತರುತ್ತಿದ್ದರು. 2012ರಲ್ಲಿ ಅದನ್ನು ನಿಲ್ಲಿಸಿ ಪ್ರೊಪೆಲ್ಲರನ್ನೂ ಎಂಜಿನ್ ಜೊತೆಗೇ ಸೇರಿಸಿದರು. ಈಗ ಹಿಂದಿನವನು ಬಡಿದದ್ದನ್ನು ಮುಂದಿನವನು ಬಡಿದು ಸರಿ ಮಾಡಿಕೊಳ್ಳಬೇಕು. ಎಂಜಿನ್ ದೋಣಿಗೆ ಕೂರುವ ಕೋನವನ್ನೂ ಬದಲಿಸಬಹುದು. ಮೇಲಕ್ಕೆತ್ತಿದಷ್ಟೂ ನೇರದಲ್ಲಿ ವೇಗ ಜಾಸ್ತಿ, ತಿರುವಿನಲ್ಲಿ ಹಿಡಿತ ಕಮ್ಮಿ. ಯಾರಾದರೂ ಪೂರ್ತಿ ಮೇಲೆತ್ತಿದರೆ ಆರನೇ ಸಾಲಿನಿಂದ ಎಲ್ಲರನ್ನೂ ಮುಚ್ಚಿ ಹೋಗುವ ಹುಚ್ಚು ಸಾಹಸಕ್ಕೆ ಹೊರಟಿದ್ದಾನೆ ಅಂತ ಅರ್ಥ. ಸ್ಟ್ಯಾಂಡಿನಲ್ಲಿ ಗುಸುಗುಸು ಶುರುವಾಗುತ್ತದೆ.

ರೇಸಿಗೆ ಮೊದಲು ಇದೆಲ್ಲವನ್ನೂ ಜನರ ಎದುರೇ ಒಮ್ಮೆ ಓಡಿಸಿ ತೋರಿಸುತ್ತಾರೆ. ಸ್ಟಾರ್ಟ್ ಪ್ರಯೋಗ, ಆಮೇಲೆ 150 ಮೀಟರ್ ನೇರ ಓಟದ ಸಮಯ, ರೇಸರ್‌ನ ಇವತ್ತಿನ ತೂಕ, ಯಾವ ಬಿಡಿಭಾಗ ಬದಲಿಸಿದ, ಎಲ್ಲಾ ಪರದೆಯ ಮೇಲೆ ಬರುತ್ತದೆ. ತೂಕಕ್ಕೂ ನಿಯಮ ಇದೆ. ಗಂಡಸರಿಗೆ ಕನಿಷ್ಠ 52 ಕಿಲೊ, ಹೆಂಗಸರಿಗೆ 47. ಕಮ್ಮಿ ಇದ್ದರೆ ಭಾರ ಹೊತ್ತು ಕೂರಬೇಕು. ಊಟ ಬಿಟ್ಟು ತೂಕ ಇಳಿಸುವ ಕಸುಬು ಇದು ಅಂತ ನೆನೆಸಿಕೊಂಡೇ ನನ್ನ ಹೊಟ್ಟೆ ಗುರುಗುಟ್ಟಿತು.

ಇಷ್ಟೆಲ್ಲಾ ತೆರೆದಿಡುವುದು ಯಾಕೆ? ಜನ ನಂಬಬೇಕು. ಆರೇ ಜನ ಓಡುವ ಆಟ. ಒಬ್ಬನನ್ನು ಕೊಂಡುಕೊಂಡರೆ ಲೆಕ್ಕವೇ ತಲೆಕೆಳಗು. ಅದಕ್ಕೇ ಸರಣಿ ನಡೆಯುವಷ್ಟು ದಿನ ರೇಸರ್‌ಗಳು ಒಳಗಿನ ವಸತಿಯಲ್ಲೇ ಇರಬೇಕು. ಫೋನ್ ಕೊಟ್ಟುಬಿಡಬೇಕು. ಹೊರಗಿನವರ ಜೊತೆ ಮಾತಿಲ್ಲ, ಮನೆಯವರ ಜೊತೆಗೂ ಇಲ್ಲ. ತಿಂಗಳಿಗೆ ಎರಡು ಮೂರು ಸರಣಿ ಆಡುವವನು ಅರ್ಧ ತಿಂಗಳು ಹೀಗೇ ಇರುತ್ತಾನೆ. ಇಷ್ಟಾಗಿಯೂ 2020ರಲ್ಲಿ ಒಬ್ಬ ಮಾಜಿ ರೇಸರ್ ಸಿಕ್ಕಿಬಿದ್ದ. ಬೇಕಂತಲೇ ಹಿಂದೆ ಬಿದ್ದು, ನೆಂಟನೊಬ್ಬನಿಗೆ ಗೆಲ್ಲುವ ಟಿಕೆಟ್ ಹೇಳಿ ದುಡ್ಡು ತೆಗೆದುಕೊಂಡಿದ್ದ. ಜೈಲು ಶಿಕ್ಷೆ ಆಯಿತು. ಬೇಲಿ ಎಷ್ಟು ಎತ್ತರ ಕಟ್ಟಿದರೂ ಹಾರುವವನು ಹಾರಿಯೇ ಹಾರುತ್ತಾನೆ ನೋಡಿ.

ಭಾನುವಾರ, ಮಿಯಾಜಿಮಾ

ಹಿರೊಶಿಮಾ ಹತ್ತಿರದ ಮಿಯಾಜಿಮಾಗೆ ಎಲ್ಲರೂ ಹೋಗುವುದು ನೀರಿನಲ್ಲಿ ನಿಂತ ಇತ್ಸುಕುಶಿಮಾ ದೇವಾಲಯದ ಕೆಂಪು ಹೆಬ್ಬಾಗಿಲು ನೋಡಲು. ಬೆಳಿಗ್ಗೆ ನಾನೂ ದೋಣಿ ಹತ್ತಿ ದಾಟಿ, ಕೈ ಮುಗಿದು ಬಂದೆ. ಮಧ್ಯಾಹ್ನ ಈಚೆ ದಡದ ಬೋಟ್ ರೇಸ್. ಸ್ಟ್ಯಾಂಡಿನಿಂದ ಎದುರಿಗೆ ದ್ವೀಪದ ಬೆಟ್ಟ.

ಇಲ್ಲಿ ಎಲ್ಲರೂ ಮೊದಲು ನೋಡುವುದು ಉಬ್ಬರ ಇಳಿತದ ಪಟ್ಟಿ. ನೀರು ತುಂಬಿದಾಗ ಮೇಲ್ಮೈ ಕುಣಿಯುತ್ತದೆ. ಹೊರಗಿನಿಂದ ಪೂರ್ತಿ ವೇಗದಲ್ಲಿ ತಿರುಗುವವನಿಗೆ ಹಿಡಿತ ಸಿಗಲ್ಲ, ಒಳಗಿನವನೇ ಉಳಿಯುತ್ತಾನೆ. ನೀರು ಇಳಿದಾಗ ಮೇಲ್ಮೈ ಶಾಂತ, ಆಗ ಮಾಕುರಿಗೆ ಕಾಲ. ಮೂರು ರೇಸ್ ನೋಡಿ ಹೊರಟೆ. ದುಡ್ಡು ಕಟ್ಟಲಿಲ್ಲ. ಬೆಳಿಗ್ಗೆ ಕೈ ಮುಗಿದು ಬಂದದ್ದಕ್ಕೋ ಏನೋ, ಮನಸ್ಸು ಬರಲಿಲ್ಲ.

ಸೋಮವಾರ, ರೈಲಿನಲ್ಲಿ

ಹಕಾತಾ ದಾಟಿ ನಾಗಸಾಕಿ ಕಡೆಗೆ. ದಿನವೆಲ್ಲಾ ಕಿಟಕಿ ಪಕ್ಕ. ಈ ದುಡ್ಡೆಲ್ಲಾ ಎಲ್ಲಿ ಹೋಗುತ್ತದೆ ಅನ್ನುವುದನ್ನು ಓದುತ್ತಾ ಕೂತೆ.

ವರ್ಷಕ್ಕೆ 2 ಲಕ್ಷ ಕೋಟಿ ಯೆನ್‌ಗೂ ಹೆಚ್ಚು ಟಿಕೆಟ್ ಮಾರಾಟ. ಇದರ ದೊಡ್ಡ ಪಾಲು ಬರುವುದು ಸ್ಟ್ಯಾಂಡಿನಿಂದಲ್ಲ, ಫೋನಿನಿಂದ. ನಾನು ಕಂಡ ಅಜ್ಜಂದಿರು ಹಳೇ ಕಾಲದ ಕೊನೇ ಸಾಲು. ಹೊಸಬರು ಮನೆಯಲ್ಲೇ ಕೂತು, ಬೆಳಿಗ್ಗೆಯಿಂದ ರಾತ್ರಿಯವರೆಗೂ ಯಾವುದೋ ಊರಿನ ನೀರಿನ ಮೇಲೆ ಕಟ್ಟುತ್ತಾರೆ. ಸ್ಟ್ಯಾಂಡಿನಲ್ಲಿ ಕೊನೇ ಬಸ್ಸು ಬಂದರೆ ಮನೆಗೆ ಹೋಗಲೇಬೇಕು. ಫೋನಿಗೆ ಕೊನೇ ಬಸ್ಸಿಲ್ಲ. ಜೂಜಿನ ಚಟಕ್ಕೆ ಕಡಿವಾಣ ಹಾಕಲು 2018ರಲ್ಲಿ ಜಪಾನ್ ಕಾನೂನು ಮಾಡಿದೆ. ಮಾರುವವರೂ ಅವರೇ, ಎಚ್ಚರಿಸುವವರೂ ಅವರೇ.

ಈ ಆಟ ಹುಟ್ಟಿದ್ದರ ಹಿಂದೆ ಸಸಾಕಾವಾ ರ್ಯೊಇಚಿ ಅನ್ನುವ ವ್ಯಕ್ತಿ ಇದ್ದಾರೆ. ಎರಡನೇ ಮಹಾಯುದ್ಧದ ನಂತರ ಯುದ್ಧಾಪರಾಧದ ಶಂಕೆಯಲ್ಲಿ ಟೋಕಿಯೊದ ಸುಗಾಮೊ ಜೈಲಿನಲ್ಲಿದ್ದವರು. ವಿಚಾರಣೆ ಇಲ್ಲದೆ 1948ರಲ್ಲಿ ಹೊರಬಂದರು. ಸೋತು ಸುಣ್ಣವಾಗಿದ್ದ ದೇಶ, ಖಜಾನೆ ಖಾಲಿ. ಹಡಗು ಕಟ್ಟುವ ಉದ್ಯಮಕ್ಕೂ ಊರಿನ ಆಡಳಿತಗಳಿಗೂ ದುಡ್ಡು ಬರುತ್ತದೆ ಅಂತ ಹೇಳಿ 1951ರಲ್ಲಿ ಮೋಟಾರ್ ಬೋಟ್ ರೇಸ್ ಕಾನೂನು ಆಯಿತು. ಅದಕ್ಕೆ ಒತ್ತಾಸೆಯಾಗಿ ನಿಂತವರು ಇವರು. 1962ರಲ್ಲಿ ಇದೇ ದುಡ್ಡಿನ ಒಂದು ಪಾಲಿನಿಂದ ಹುಟ್ಟಿದ ಸಂಸ್ಥೆ ಈಗ ನಿಪ್ಪಾನ್ ಫೌಂಡೇಶನ್. ಟಿಕೆಟ್ ಮಾರಾಟದ ಒಂದು ಸಣ್ಣ ಪಾಲು ಇವತ್ತಿಗೂ ಅಲ್ಲಿಗೆ ಹೋಗುತ್ತದೆ.

ಇಲ್ಲಿಂದ ದಾರಿ ನೇರ ನಮ್ಮ ದೇಶಕ್ಕೆ ಬರುತ್ತದೆ. ಆ ಸಂಸ್ಥೆಯ ದೊಡ್ಡ ಕೆಲಸ ಕುಷ್ಠರೋಗದ್ದು. 1995ರಿಂದ ಐದು ವರ್ಷ, ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಕುಷ್ಠದ ಔಷಧವನ್ನು ಜಗತ್ತಿಗೆಲ್ಲಾ ಪುಕ್ಕಟೆ ಕೊಡಲು ದುಡ್ಡು ಕೊಟ್ಟದ್ದು ಇದು. ಭಾರತದಲ್ಲಿ ಕುಷ್ಠ ವಾಸಿಯಾದವರ ಜೀವನೋಪಾಯಕ್ಕೆ ದೆಹಲಿಯಲ್ಲಿ ಸಸಾಕಾವಾ-ಇಂಡಿಯಾ ಲೆಪ್ರಸಿ ಫೌಂಡೇಶನ್ ಇದೆ. ರ್ಯೊಇಚಿಯವರ ಮಗ ಯೊಹೆಯ್ ಸಸಾಕಾವಾ ಅವರಿಗೆ 2018ರ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟದ್ದು ನಮ್ಮದೇ ಸರ್ಕಾರ. ಹೆಯ್ವಾಜಿಮಾದ ಅಜ್ಜ ಸೋತ 100 ಯೆನ್‌ನ ಒಂದು ಚೂರು ನಮ್ಮ ಕಡೆಯ ಯಾವುದೋ ಕುಷ್ಠ ಕಾಲೊನಿ ಮುಟ್ಟಿರಬಹುದು. ತಮ್ಮನಿಗೆ ಮೆಸೇಜ್ ಹಾಕಿದೆ. "ಹಾಗಂತ ನೀನು ಸೋತಿದ್ದು ದಾನ ಆಗಲ್ಲ ಅಣ್ಣ" ಅಂತ ಉತ್ತರ ಬಂತು.

ಮಂಗಳವಾರ, ಒಮುರಾ

ನಾಗಸಾಕಿ ವಿಮಾನ ನಿಲ್ದಾಣ ಇರುವುದು ಕೊಲ್ಲಿಯ ದ್ವೀಪದ ಮೇಲೆ. ಅದರ ಈಚೆ ದಡ ಒಮುರಾ. 1952ರ ಏಪ್ರಿಲ್ 6ರಂದು ದೇಶದ ಮೊದಲ ಬೋಟ್ ರೇಸ್ ನಡೆದದ್ದು ಈ ಊರಿನಲ್ಲಿ. ಅದನ್ನು ಇವರು ಮರೆಯಲು ಬಿಡುವುದಿಲ್ಲ. ಎಲ್ಲೆಲ್ಲೂ ಹುಟ್ಟೂರು ಅನ್ನುವ ಬರಹ.

ಮಹಿಳಾ ರೇಸರ್‌ಗಳಿಗೂ ಒಮುರಾ ದೊಡ್ಡ ಹೆಸರು. ಈ ಆಟದಲ್ಲಿ ತೂಕದ ನಿಯಮ ಒಂದು ಬಿಟ್ಟರೆ ಹೆಣ್ಣು ಗಂಡು ಒಂದೇ ನೀರಿನಲ್ಲಿ, ಒಂದೇ ನಿಯಮದಲ್ಲಿ ಓಡುತ್ತಾರೆ. ಈಗ ಸೇರುವವರೆಲ್ಲರೂ ಫುಕುಒಕಾದ ಯನಾಗಾವಾದ ಶಾಲೆಯಲ್ಲಿ ಒಂದು ವರ್ಷ ಕಲಿತು ಬರುವವರೇ. ಆದರೂ ಎಸ್‌ಜಿ ಅನ್ನುವ ಅತಿ ದೊಡ್ಡ ದರ್ಜೆಯ ರೇಸನ್ನು ಒಬ್ಬ ಮಹಿಳೆ ಗೆಲ್ಲಲು 2022ರ ಮಾರ್ಚ್ ತನಕ ಕಾಯಬೇಕಾಯಿತು. ಗೆದ್ದವರು ಎಂಡೊ ಎಮಿ. ಗೆದ್ದ ಜಾಗ ಇದೇ ಒಮುರಾ.

ಒಳಗಿನ ಸಾಲು ಅತಿ ಹೆಚ್ಚು ಗೆಲ್ಲುವ ಜಾಗಗಳಲ್ಲಿ ಇದೂ ಒಂದು. ನೂರಕ್ಕೆ 60 ದಾಟುತ್ತದೆ. ಎದೊಗಾವಾದ ಗಲಾಟೆ ನೋಡಿದ ಮೇಲೆ ಇದು ಸಪ್ಪೆ ಅನ್ನಿಸಬಹುದು. ಊರಿನವರಿಗೆ ಇದೇ ರುಚಿ. ಒಂದನೇ ದೋಣಿ ಹೇಗೂ ಮೊದಲು, ಎರಡು ಮೂರು ಯಾರು ಅನ್ನುವುದರ ಮೇಲೆ ಅವರ ತಲೆ ಓಡುತ್ತದೆ.

ಸಂಜೆ ದೀಪ ಹತ್ತಿದ ಮೇಲಿನ ಒಂದು ರೇಸಿಗೆ ನಾನೂ ಬಿಳಿಯ ಮೇಲೆ 100 ಯೆನ್ ಕಟ್ಟಿದೆ. ಬರೀ ಮೊದಲ ಸ್ಥಾನದ ಬಾಜಿ. ಆಡ್ಸ್ ನೋಡಿದರೆ ಗೆದ್ದರೂ 110 ಯೆನ್. ಹಾಳೆಯಲ್ಲಿ ಅವನ ಹೆಸರಿನ ಪಕ್ಕ ಎಫ್ ಇರಲಿಲ್ಲ. ಇದನ್ನು ಈಗ ನಾನೂ ನೋಡುತ್ತೇನೆ. ಎಫ್ ಒಮ್ಮೆ ಆದರೆ 30 ದಿನ ರೇಸ್ ಇಲ್ಲ, ಅಂದರೆ ಸಂಪಾದನೆಯೂ ಇಲ್ಲ. ಅದೇ ಆರು ತಿಂಗಳ ಅವಧಿಯಲ್ಲಿ ಎರಡನೇ ಸಲ ಆದರೆ ಅದರ ಮೇಲೆ ಇನ್ನೂ 60. ಹಾಗಾಗಿ ಒಂದು ಎಫ್ ಹೊತ್ತವನು ಗೆರೆ ಹತ್ತಿರ ಕೈ ಬಿಗಿಹಿಡಿಯುತ್ತಾನೆ. ಅವನ ಪಕ್ಕದ ಹೊರಗಿನವನ ಮೇಲೆ ಕಟ್ಟುವುದು ಜಾಣತನ ಅಂತ ಸುಮಿನೊಯೆಯಲ್ಲಿ ಪಕ್ಕ ಕೂತಿದ್ದವರು ಹೇಳಿಕೊಟ್ಟಿದ್ದರು.

ಹಳದಿ ಮುಳ್ಳು ತಿರುಗಿತು. ಆರೂ ಒಂದೇ ಸಾಲಿನಲ್ಲಿ ನುಗ್ಗಿದವು. ನನ್ನ ಕಣ್ಣಿಗೆ ಸ್ಟಾರ್ಟ್ ಅದ್ಭುತವಾಗಿತ್ತು. ಬಿಳಿ ಮೊದಲ ತಿರುವನ್ನು ಗುರುತಿಗೆ ಅಂಟಿಕೊಂಡೇ ತಿರುಗಿತು. ಅಷ್ಟರಲ್ಲಿ ಸ್ಟ್ಯಾಂಡಿನ ತುಂಬಾ ಆಆ ಅನ್ನುವ ಉದ್ದನೆ ಸ್ವರ. ಪರದೆಯ ಮೇಲೆ 1, ಪಕ್ಕದಲ್ಲಿ ಎಫ್. ಕೂದಲೆಳೆಯಷ್ಟು ಬೇಗ ಗೆರೆ ದಾಟಿದ್ದ. ನೀರಿನ ಮೇಲೆ ಅವನಿಗೂ ಸೂಚನೆ ಸಿಕ್ಕಿತು. ಮುಂದಿದ್ದವನು ವೇಗ ಇಳಿಸಿ, ಪಕ್ಕಕ್ಕೆ ಸರಿದು, ಪಿಟ್ ಕಡೆಗೆ ಹೊರಟ. ಉಳಿದ ಐವರದು ರೇಸ್ ಮುಂದುವರಿಯಿತು. ಅವರಲ್ಲಿ ಯಾರು ಗೆದ್ದರು ಅಂತ ಹೆಚ್ಚಿನವರು ನೋಡಲೂ ಇಲ್ಲ. ಹೆಚ್ಚುಕಮ್ಮಿ ಎಲ್ಲರ ಟಿಕೆಟ್ಟಿನಲ್ಲೂ 1 ಇತ್ತಲ್ಲ. ಎಲ್ಲರೂ ಎದ್ದು ಮೆಷಿನ್ ಕಡೆ ಸಾಲು ಕಟ್ಟಿದರು. ಊರಿನ ಆಡಳಿತ ಆ ರೇಸಿನಲ್ಲಿ ಹತ್ತಿರ ಹತ್ತಿರ ಬಂದ ದುಡ್ಡನ್ನೆಲ್ಲಾ ವಾಪಸ್ ಕೊಡಬೇಕಾಯಿತು.

ನನ್ನ ಮುಂದಿದ್ದ ಹೆಂಗಸು ತಿರುಗಿ ನೋಡಿ ಏನೋ ಹೇಳಿದರು. ಅರ್ಥವಾಗದೆ ತಲೆಯಾಡಿಸಿದೆ. ಮೆಷಿನ್ ನನ್ನ ಟಿಕೆಟ್ ನುಂಗಿ 100 ಯೆನ್ ನಾಣ್ಯ ಉಗುಳಿತು. ಮುಂದಿನ ರೇಸಿಗೆ ಇನ್ನೂ ಹದಿನೈದು ನಿಮಿಷ ಇತ್ತು. ಕಾರ್ಡ್ ತೆಗೆದುಕೊಂಡು ಈ ಸಲ ನಾಲ್ಕನೇ ದೋಣಿಯ ಚೌಕ ತುಂಬಿದೆ.